ಮಂಗಳಗೌರಮ್ಮನ ಬಿಳಿ ತಲೆ

ಮಂಗಳಗೌರಮ್ಮನ ತಲೆ ಕಪ್ಪಾದದ್ದು ಒಂದು ಭಾನುವಾರ ಬೆಳಿಗ್ಗೆ, ಇಡ್ಲಿಗೂ ಕಾಫಿಗೂ ನಡುವೆ. ಅವರನ್ನು ಒಂದು ಮಾತೂ ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. "ಅತ್ತೆಮ್ಮ, ತಲೆ ಸ್ವಲ್ಪ ಬಗ್ಸಿ" ಎಂದು ಸೊಸೆ ಪವಿತ್ರ ಕೇಳಿಯೇ ಇದ್ದಳು. ಎಣ್ಣೆ ಹಚ್ಚುತ್ತಾಳೆ ಎಂದುಕೊಂಡು ಅವರು ಬಗ್ಗಿಸಿದರು. ನೆತ್ತಿಗೆ ತಣ್ಣಗೆ ಏನೋ ತಾಗಿತು, ಆಸ್ಪತ್ರೆಯ ನೆಲ ಒರೆಸಿದಂಥ ವಾಸನೆ ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ ಹಿಂದೆ ನಿಂತವಳು ಸೊಸೆಯಲ್ಲ. ಬಜಾರಿನ ಬ್ಯೂಟಿಪಾರ್ಲರ್ ಹುಡುಗಿ. ಕೈಗೆ ಗ್ಲೌಸು ಹಾಕಿಕೊಂಡು, ಬಟ್ಟಲಿನಿಂದ ಬ್ರಷ್ಷಿನಲ್ಲಿ ಕಪ್ಪು ಎತ್ತಿ ಎತ್ತಿ ಬಳಿಯುತ್ತಿದ್ದಳು.

"ಅಲ್ಲಾಡ್ಬೇಡಿ ಅಜ್ಜಿ, ಕಿವಿಗಾಯ್ತದೆ" ಎಂದಳು ಅವಳು. ಅಷ್ಟರಲ್ಲಿ ಕಿವಿಗೂ ಆಗಿತ್ತು.

ಆ ತಲೆ ನಂಜನಗೂಡಿನ ಆ ಬೀದಿಗೆ ಒಂದು ಗುರುತು. ಬಿಳಿ ತಲೆ ಅಜ್ಜಿ ಮನೆ ಎಂದರೆ ಗ್ಯಾಸಿನವನಿಗೂ ಕೊರಿಯರ್‌ನವನಿಗೂ ಬೇರೆ ಅಡ್ರೆಸ್ಸು ಬೇಕಾಗಿರಲಿಲ್ಲ. ಇಪ್ಪತ್ತೆಂಟಕ್ಕೇ ನೆರೆಯಲು ಶುರುವಾಗಿ, ನಲವತ್ತು ತುಂಬುವಷ್ಟರಲ್ಲಿ ಸುಲಿದ ಬೆಳ್ಳುಳ್ಳಿಯ ಹಾಗೆ ಒಂದೂ ಕಪ್ಪಿಲ್ಲದಂತೆ ಬೆಳ್ಳಗಾಗಿತ್ತು. ಈಗ ಅವರಿಗೆ ಎಪ್ಪತ್ತು ಹತ್ತಿರ. ಪಕ್ಕದ ಮನೆಯ ಕೂಸು ಹಟ ಹಿಡಿದರೆ ಅವರ ತೊಡೆಯ ಮೇಲೆ ಹಾಕುತ್ತಿದ್ದರು; ಅದು ಆ ಬಿಳಿ ತುರುಬಿಗೆ ಕೈಹಾಕಿ ಸುಮ್ಮನಾಗುತ್ತಿತ್ತು. ಆ ಭಾನುವಾರ ತಲೆ ತೊಳೆದು ಒಣಗಿಸಿಕೊಂಡು ಜಗಲಿಗೆ ಬಂದ ಅಜ್ಜಿಯನ್ನು ನೋಡಿ ಅದೇ ಕೂಸು ಚೀರಿಕೊಂಡು ಅಮ್ಮನ ಕುತ್ತಿಗೆಗೆ ಬಿತ್ತು. ಅಲ್ಲಿಯವರೆಗೂ ಮಂಗಳಗೌರಮ್ಮ ಕನ್ನಡಿ ನೋಡಿರಲಿಲ್ಲ. ಆಮೇಲೆ ನೋಡಬೇಕೆಂದೂ ಅನ್ನಿಸಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಮೊಮ್ಮಗಳು ನಯನಳ ಬಲಗಿವಿಯ ಮೇಲಿನ ಬೆರಳಗಲದ ಬಿಳಿ ಎಳೆ. ನಯನ ಹುಲ್ಲಹಳ್ಳಿಯ ಸ್ಕೂಲೊಂದರಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುವ, ಇಪ್ಪತ್ನಾಲ್ಕು ತುಂಬಿದ ಹುಡುಗಿ. ಕಾಲೇಜಿಗೆ ಸೇರಿದ ವರ್ಷ ಕಾಣಿಸಿಕೊಂಡ ಆ ಬಾಲನೆರೆಯನ್ನು ತಾಯಿ ಪವಿತ್ರ ತಿಂಗಳು ತಿಂಗಳೂ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಮುಚ್ಚುತ್ತ ಬಂದಿದ್ದಳು. ಅಂಥದ್ದರಲ್ಲೂ ಒಂದು ಗಂಡಿನ ಕಡೆಯವರು ಅದನ್ನು ಕಂಡುಹಿಡಿದು, ಉಪ್ಪಿಟ್ಟು ತಿಂದು, ಫೋನ್ ಮಾಡ್ತೀವಿ ಎಂದು ಎದ್ದು ಹೋಗಿದ್ದರು. ಫೋನು ಇನ್ನೂ ಬಂದಿಲ್ಲ.

ಈಗ ನೋಡಲು ಬರುವವರು ಟಿ. ನರಸೀಪುರದ ಗಂಗಾಧರಸ್ವಾಮಿಯವರ ಮನೆಯವರು. ಹುಡುಗ ನಂಜುಂಡೇಶ್ ಅಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದಾನೆ. ಹುಡುಗನ ತಾಯಿ ದೇವಮ್ಮಣ್ಣಿಯದು ಎರಡು ತಾಲ್ಲೂಕಿಗೂ ಹಬ್ಬಿದ ಹೆಸರು: ಹೂ ಮುಡಿಸುವ ನೆಪದಲ್ಲಿ ಹೆಣ್ಣಿನ ತಲೆ ಬಿಡಿಸಿ ಬೇರು ನೋಡುತ್ತಾರಂತೆ, ಮನೆಯ ಅಜ್ಜಿಯಂದಿರ ತಲೆಯನ್ನೂ ಬಿಡುವುದಿಲ್ಲವಂತೆ, ಬೀಜ ಹೇಗೋ ಬೆಳೆ ಹಾಗೆ ಎನ್ನುವುದು ಅವರ ಲೆಕ್ಕವಂತೆ. ಹಾಗಾಗಿ ಮೊಮ್ಮಗಳ ತಲೆಯ ಜೊತೆಗೆ ಅಜ್ಜಿಯ ತಲೆಗೂ ಬಣ್ಣ ಬಿತ್ತು. ಮಗ ಶಿವರಾಜುವಿಗೆ ಬಜಾರಿನಲ್ಲಿ ಪೇಂಟಿನ ಅಂಗಡಿ. ಬಳಿದರೆ ಹೋಗದ ಕಷ್ಟ ಲೋಕದಲ್ಲಿ ಇಲ್ಲ ಎಂದು ಅವನು ನಂಬಿ ಇಪ್ಪತ್ತು ವರ್ಷವಾಗಿತ್ತು.

ಆ ಮಧ್ಯಾಹ್ನವೇ ನರಸೀಪುರದವರು ಬಂದರು, ಕೇಸರಿಭಾತು ತಿಂದರು. ದೇವಮ್ಮಣ್ಣಿ ತಾವೇ ತಂದ ಮಲ್ಲಿಗೆಯನ್ನು ನಯನಳಿಗೆ ಮುಡಿಸಿದರು. ಮುಡಿಸಲು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತೇ ತೆಗೆದುಕೊಂಡರು. ನಮ್ಮ ಮನೇಲಿ ಅರವತ್ತರ ಒಳಗೆ ಯಾರಿಗೂ ಒಂದು ಬಿಳಿ ಕೂದಲು ಬಂದಿಲ್ಲ ಎಂದು ನಡುವೆ ಒಂದು ಮಾತು ಬಿಟ್ಟರು. ಅವರ ಯಜಮಾನರು ಗಂಗಾಧರಸ್ವಾಮಿ ಕರಿ ಮೀಸೆಯ ಮೇಲೆ ಬೆರಳಾಡಿಸಿ ಹೌದು ಎಂದರು. ಆಮೇಲೆ ದೇವಮ್ಮಣ್ಣಿ ಮೂಲೆಯಲ್ಲಿ ಕೂತಿದ್ದ ಮಂಗಳಗೌರಮ್ಮನ ಕಡೆ ತಿರುಗಿ, ಈ ವಯಸ್ನಲ್ಲೂ ಎಂಥಾ ಕೂದಲವ್ವ ನಿಮ್ದು, ಪುಣ್ಯವಂತ್ರು ಎಂದರು. ಪುಣ್ಯವಂತರ ನೆತ್ತಿ ಆಗಲೇ ಚುರುಗುಟ್ಟಲು ಶುರುವಾಗಿತ್ತು. ಅವರು ಸೆರಗಿನ ತುದಿ ಹಿಡಿದು ತಡೆದುಕೊಂಡರು. ಹುಡುಗಿಯ ಬಾಳು.

ಮಾರನೆಯ ದಿನಕ್ಕೆ ಹಣೆ ಊದಿತು. ಅದರ ಮಾರನೆಯ ದಿನ ಕಣ್ಣೆರಡೂ ಮುಚ್ಚಿಹೋದವು. ಕಿವಿಯ ಹಿಂದೆ ನೀರು ಒಸರತೊಡಗಿತು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಇನ್ನೊಂದು ಸಲ ಡೈ ಹಚ್ಚುವುದಾದರೆ ನನ್ನ ಹತ್ತಿರ ಬರಬೇಡಿ, ಸೀದಾ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಶಿವರಾಜುವಿನ ಮುಖ ನೋಡಿ ಹೇಳಿದರು. ಅದೇ ಸಂಜೆ ನರಸೀಪುರದಿಂದ ಫೋನು ಬಂತು. ಹೆಣ್ಣು ಒಪ್ಪಿಗೆ. ಹೂ ಮುಡಿಸುವ ಶಾಸ್ತ್ರ ಅವರ ಊರಿನ ಛತ್ರದಲ್ಲಿ, ಮಾಘ ಕಳೆಯುವುದರೊಳಗೆ. ಮನೆಯಲ್ಲಿ ಪಾಯಸವಾಯಿತು. ಮಂಗಳಗೌರಮ್ಮ ಕಣ್ಣು ಕಾಣದೆ ತಟ್ಟೆ ತಡವಿಕೊಂಡು ಪಾಯಸ ಕುಡಿದರು.

ಊತ ಇಳಿಯಿತು, ಕಪ್ಪು ಇಳಿಯಲಿಲ್ಲ. ಕೆಲವು ವಾರಗಳಲ್ಲಿ ಬೈತಲೆಯ ಅಕ್ಕಪಕ್ಕ ಬಿಳಿ ಗೆರೆ ಎದ್ದಿತು. ಅದನ್ನು ಮೊದಲು ಕಂಡವನು ಶಿವರಾಜು. ಪೇಂಟು ಎಲ್ಲಿ ಬಿಟ್ಟಿದೆ ಎಂದು ನೋಡುವ ಕಣ್ಣು ಅದು. ಮುದ್ದೆ ಮುರಿಯುತ್ತ, ಅವರೆಕಾಳು ಸಾರಿಗೆ ಅದ್ದುತ್ತ, ಆಕಾಶ ನೋಡಿ ಮಾತಾಡುವವನ ಹಾಗೆ ಮಾತು ತೆಗೆದ.

"ಅವ್ವ, ಶಾಸ್ತ್ರಕ್ಕೆ ಮುಂಚೆ ಒಂದು ಟಚಪ್ ಮಾಡಿಸ್ಬಿಡಣ. ಬುಡ ಎಲ್ಲಾ ಬೆಳ್ಳಗೆ ಕಾಣ್ತಾ ಅದೆ. ಅರ್ಧ ಬಣ್ಣ ಹೊಡ್ದು ಬಿಟ್ಟಂಗೆ."

"ನಾನೇನ್ ಗ್ವಾಡೆಯೇನ್ಲಾ?"

"ಅಂಗಂದ್ನಾ ನಾನು? ಇನ್ನೊಂದೇ ಕೋಟು. ಆಮೇಲೆ ಮದ್ವೆಗೊಂದು. ಅಲ್ಲಿಗೆ ಮುಗೀತು."

"ಡಾಕ್ಟ್ರು ಏನ್ ಯೋಳುದ್ರು ನಿಂಗೆ?"

"ಅದು ಆ ಕಂಪ್ನಿದಕ್ಕೆ ಹೇಳಿದ್ದು. ಆರ್ಗ್ಯಾನಿಕ್ ಅಂತ ಬಂದದೆ, ಅದನ್ನ ತತ್ತೀನಿ."

"ಆ ಆರ್ಗ್ಯಾನಿಕ್ಕು ನೀನೇ ಬಳ್ಕೊ."

ಪವಿತ್ರ ಮಜ್ಜಿಗೆ ತಂದಿಟ್ಟಳು. ಅತ್ತೆಮ್ಮ ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ, ಒಂದು ದಿನದ ಉರಿ ತಡೆದರೆ ಹುಡುಗಿ ಒಂದು ಮನೆ ಸೇರುತ್ತಾಳೆ, ಒಂದು ಮಾತ್ರೆ ಮೊದಲೇ ನುಂಗಿದರೆ ಊತವೂ ಬರುವುದಿಲ್ಲವಂತೆ ಎಂದು ನೆಲ ನೋಡಿ ಹೇಳಿದಳು. ಅವಳಿಗೂ ಅದು ಕೆಟ್ಟ ಮಾತು ಎಂದು ಗೊತ್ತಿತ್ತು. ಅದಕ್ಕೇ ನೆಲ ನೋಡಿದ್ದು.

ಮಂಗಳಗೌರಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. ಹೆಮ್ಮಿಗೆಯಿಂದ ಈ ಮನೆಗೆ ಮದುವೆಯಾಗಿ ಬಂದಾಗ ಅವರ ಜಡೆ ಮೊಣಕಾಲು ಮುಟ್ಟುತ್ತಿತ್ತು. ಶುಕ್ರವಾರ ಬಿಟ್ಟು ಬೇರೆ ದಿನ ಬಾಚಿದರೆ, ಯಾರಿಗೆ ತೋರಿಸೋದಕ್ಕೆ ಎಂದು ಅತ್ತೆ ಕೇಳುತ್ತಿದ್ದರು. ನೆರೆಯಲು ಶುರುವಾದಾಗ, ನಿನ್ನ ಜೊತೆ ಹೋದರೆ ಜನ ನನ್ನ ತಾಯಿ ಅಂದುಕೊಳ್ಳುತ್ತಾರೆ ಎಂದು ಗಂಡ ಬಸವಯ್ಯನವರು ಮದುವೆ ಮನೆಗಳಿಗೆ ಒಬ್ಬರೇ ಹೋಗತೊಡಗಿದರು. ಅವರು ತೀರಿಕೊಂಡ ದಿನ ನೆಂಟರು ಬಂದು ಅದೇ ತಲೆಯಿಂದ ಹೂವು ಕಿತ್ತರು. ಇದೆಲ್ಲ ಮಗನಿಗೆ ಗೊತ್ತಿದ್ದದ್ದೇ. ಆದರೂ ಅವರು ಒಂದೊಂದನ್ನೂ ಬಿಡದೆ ಹೇಳಿದರು, ಕೊನೆಗೆ ಕೈ ತೊಳೆಯಲು ಎದ್ದು ನಿಂತು ಅಂದರು:

"ನಿಮ್ಮಪ್ಪ ಓದ್ಮ್ಯಾಲೆ ಈ ತಲೆ ಯಾರ್ಗೂ ಬ್ಯಾಡ್ವಾಗಿತ್ತು ಕಣೋ. ಆವಾಗ ಒಂದಷ್ಟು ವರ್ಷ ಇದು ನಂದಾಗಿತ್ತು. ಈಗ ನಿಂಗೆ ಬೇಕಾಯ್ತ?"

ಶಿವರಾಜು ಉಳಿದ ಮುದ್ದೆಯನ್ನು ನುಂಗಿ, ಅಂಗಡಿ ಬಾಗಿಲು ತೆಗೆಯಬೇಕು ಎಂದು ಹೊರಟ. ಬಾಗಿಲು ಬೆಳಿಗ್ಗೆಯೇ ತೆಗೆದಾಗಿತ್ತು.

ಅಜ್ಜಿಯ ಮಾತನ್ನು ಪೂರ್ತಿ ಕೇಳಿಸಿಕೊಂಡವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಯನ. ಕಣ್ಣು ಮುಚ್ಚಿಹೋಗಿ ಅಜ್ಜಿ ತಟ್ಟೆ ತಡವಿದ್ದು ತನ್ನ ಕಿವಿಯ ಮೇಲಿನ ಎಳೆಗಾಗಿ ಎನ್ನುವುದನ್ನು ಅವಳು ಮರೆತಿರಲಿಲ್ಲ. ಶನಿವಾರ ಸ್ಕೂಲು ಅರ್ಧ ದಿನ. ಬಂದವಳೇ ಅಜ್ಜಿಯ ಪಕ್ಕ ಕೂತು ಫೋನು ತೋರಿಸಿದಳು. ಅದರಲ್ಲಿ ಯಾವಳೋ ಬೆಳ್ಳಗಿನ ಹುಡುಗಿ ನಿಂಬೆರಸ, ಜೇನುತುಪ್ಪ, ಚಕ್ಕೆಪುಡಿ ಕಲಸಿ ತಲೆಗೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದಳು. ಕೆಮಿಕಲ್ ಇಲ್ಲದೆ ಮನೆಯಲ್ಲೇ ಕೂದಲಿನ ಬಣ್ಣ ತಿಳಿ ಮಾಡುವ ವಿಧಾನವಂತೆ.

"ಇವ್ಳಿಗ್ಯಾಕೆ ಇದು? ಚೆಂದಾಗೇ ಅವಳಲ್ಲ" ಎಂದರು ಮಂಗಳಗೌರಮ್ಮ.

"ಅವಳಿಗೆ ಹೊಂಬಣ್ಣ ಬೇಕಂತೆ ಅಜ್ಜಿ. ಕಪ್ಪು ಬೇಡ್ವಂತೆ."

"ಲೋಕ್ದಲ್ಲಿ ಒಬ್ಬಳಾದ್ರೂ ಇರಾದು ಸಾಕು ಅನ್ನಾಕಿಲ್ವಲ್ಲ."

ಆದರೆ ಇಳಿಯುತ್ತದಲ್ಲ, ಅದು ಮುಖ್ಯ. ಹೊಂಬಣ್ಣ ಬೇಕಾದವಳಿಗೆ ಇಳಿಯುವುದಾದರೆ, ಬರೀ ತನ್ನ ಬಣ್ಣ ವಾಪಸು ಬೇಕಾದವಳಿಗೆ ಏಕೆ ಇಳಿಯಬಾರದು? ತಾರಸಿಯ ಮೇಲೆ ಪವಿತ್ರ ಮದುವೆಗೆಂದು ಬೂದುಗುಂಬಳದ ಸಂಡಿಗೆ ಇಡುತ್ತಿದ್ದಳು. ಕಾಗೆ ಕಾಯಲು ಒಬ್ಬರು ಬೇಕಿತ್ತು. ನಾನೇ ಕೂರ್ತೀನಿ ಎಂದರು ಮಂಗಳಗೌರಮ್ಮ. ಜಗಳವಾದ ಮೇಲೂ ಅತ್ತೆ ತಾನಾಗಿ ಕೆಲಸಕ್ಕೆ ಬಂದದ್ದು ನೋಡಿ ಪವಿತ್ರಳಿಗೆ ಮನಸ್ಸು ಕರಗಿತು. ಕೂರಲು ಚಾಪೆ, ಕುಡಿಯಲು ಪಾನಕ ಕಳಿಸಿದಳು. ಪಾನಕಕ್ಕೆಂದು ತಂದ ಉಳಿದ ನಿಂಬೆಹಣ್ಣೆಲ್ಲ ಅಜ್ಜಿಯ ತಲೆಗೇ ಹೋದವು. ತಲೆಗೆ ಒದ್ದೆ ಟವೆಲ್ಲು, ಕೈಯಲ್ಲಿ ಕೋಲು, ಮುಂದೆ ಹಳೇ ಸೀರೆಯ ಮೇಲೆ ಸಾಲು ಸಾಲು ಸಂಡಿಗೆ. ಕಾಗೆಗಳಿಗಿಂತ ಇರುವೆಗಳ ಕಾಟ ಹೆಚ್ಚಾಯಿತು. ಅವು ಸಂಡಿಗೆ ಬಿಟ್ಟು ಜೇನುತುಪ್ಪ ಹುಡುಕಿಕೊಂಡು ಅಜ್ಜಿಯ ಕುತ್ತಿಗೆ ಹತ್ತಿದವು.

ಎರಡು ವಾರ ಕಳೆದರೂ ಕಪ್ಪು ಕದಲಲಿಲ್ಲ. ಕೆಳಗೆ ಅಡುಗೆಮನೆಯಲ್ಲಿ ಬೇರೆ ಜಗಳ ಶುರುವಾಗಿತ್ತು. ಚಿತ್ರಾನ್ನಕ್ಕೆ ಹಿಂಡೋಣ ಎಂದರೆ ನಿಂಬೆಹಣ್ಣಿಲ್ಲ. ಸಂತೆಯಿಂದ ತಂದು ಒಂದು ದಿನ ನಿಲ್ಲುವುದಿಲ್ಲ. ಪವಿತ್ರ ಗಂಡನನ್ನು ಕೇಳಿದಳು, ಅವನು ಅಂಗಡಿ ಹುಡುಗ ನಿಂಗರಾಜುವನ್ನು ಗದರಿದ, ನಿಂಗರಾಜು ನನಗೆ ಹುಳಿ ಆಗಲ್ಲ ಸಾ ಎಂದ.

ಕಪ್ಪು ಏಕೆ ಕದಲಲಿಲ್ಲ ಎನ್ನುವುದನ್ನು ಕಂಡುಹಿಡಿದವಳು ನಯನ, ಅದೂ ಒಂದು ಶುಕ್ರವಾರ ಹಿತ್ತಲಿಗೆ ಬಟ್ಟೆ ಹರವಲು ಹೋದಾಗ. ಮಂಗಳಗೌರಮ್ಮ ಎಂದಿನಂತೆ ಸೌದೆ ಒಲೆಯ ಮೇಲೆ ಸೀಗೆಕಾಯಿ, ಒಂದಿಷ್ಟು ನೆಲ್ಲಿಚೆಟ್ಟು ಕುದಿಸುತ್ತಿದ್ದರು. ಅತ್ತೆಯ ಕಾಲದಿಂದ ಬಂದ ಕಬ್ಬಿಣದ ಬಾಣಲೆಯಲ್ಲಿ. ಬಾಣಲೆಯ ಒಳಗಿನ ನೀರು ಶಾಯಿಯ ಹಾಗೆ ಕರ್ರಗಿತ್ತು.

"ಅಜ್ಜಿ, ಇದ್ರಲ್ಲಾ ನೀವು ಪ್ರತಿ ವಾರ ತಲೆ ತೊಳ್ಕೊಳ್ತಿರೋದು?"

"ಇನ್ಯಾವುದ್ರಲ್ಲಿ? ಹದ ಬರಾದೇ ಇದ್ರಲ್ಲಿ."

ಹಿಂದೆ ಮನೆಮನೆಯಲ್ಲೂ ತಲೆ ಕಪ್ಪು ಮಾಡಿಕೊಳ್ಳುತ್ತಿದ್ದದ್ದೇ ಹೀಗೆ, ಕಬ್ಬಿಣದಲ್ಲಿ ನೆಲ್ಲಿ ಕುದಿಸಿ. ಅಷ್ಟು ವರ್ಷ ಆ ಬಿಳಿ ಕೂದಲು ಅದರ ಮಾತು ಕೇಳಿರಲಿಲ್ಲ. ಡೈ ಕುಡಿದ ಮೇಲೆ ಎಲ್ಲರ ಮಾತೂ ಕೇಳತೊಡಗಿತ್ತು. ವಾರವೆಲ್ಲ ನಿಂಬೆಹಣ್ಣು ಇಳಿಸಿದ್ದನ್ನು ಶುಕ್ರವಾರ ಬಾಣಲೆ ಏರಿಸುತ್ತಿತ್ತು. ನಯನ ನಕ್ಕು ನಕ್ಕು ಒಗೆಯುವ ಕಲ್ಲಿನ ಮೇಲೆ ಕೂತಳು. ಮಂಗಳಗೌರಮ್ಮನಿಗೆ ನಗು ಬರಲಿಲ್ಲ. ತೀರಿಕೊಂಡ ಅತ್ತೆ ಬಾಣಲೆಯೊಳಗಿಂದಲೂ ತನ್ನ ತಲೆ ಬಿಟ್ಟಿಲ್ಲ ಎಂದು ಅವರಿಗೆ ಸಿಟ್ಟೇ ಬಂತು. ಆವತ್ತಿನಿಂದ ಸೀಗೆಕಾಯಿ ಸ್ಟೀಲ್ ಪಾತ್ರೆಗೆ ಬಂತು.

ಆಮೇಲೆ ಇಳಿಯಿತು. ಆದರೆ ಬಿಳಿಗಲ್ಲ. ಮೊದಲು ಕಾಫಿಪುಡಿ, ಆಮೇಲೆ ಇಟ್ಟಿಗೆ, ಕೊನೆಗೆ ಒಣಗಿದ ತೆಂಗಿನ ನಾರು. ಬುಡದಲ್ಲಿ ಹೊಸದಾಗಿ ಬಂದ ಬಿಳಿ, ನಡುವೆ ನಾರಿನ ಕೆಂಪು, ತುದಿಯಲ್ಲಿ ಹಟ ಹಿಡಿದು ನಿಂತ ಕಪ್ಪು. ತಲೆ ಬಿಟ್ಟು ಕೂತರೆ ಮೂರು ಬಣ್ಣದ ಬೆಕ್ಕು. ಕಾಗೆಯೊಂದು ಸಂಡಿಗೆ ಕಚ್ಚಿಕೊಂಡು ಅಡುಗೆಮನೆ ಕಿಟಕಿಯ ಮುಂದೆಯೇ ಹಾರಿಹೋದ ದಿನ, ಅತ್ತೆ ನಿದ್ದೆ ಹೋದರೇನೋ ಎಂದು ಹತ್ತಿ ಬಂದ ಪವಿತ್ರ ಅದನ್ನು ನೋಡಿದಳು. ಪಕ್ಕದಲ್ಲಿ ಹಿಂಡಿ ಬಿಸಾಡಿದ ನಿಂಬೆ ಸಿಪ್ಪೆಗಳನ್ನೂ ನೋಡಿದಳು. ಮೆಟ್ಟಿಲ ಮೇಲೆ ಕೂತಳು.

"ನಿಮ್ಗೇನ್ ದ್ರೋಹ ಮಾಡಿದ್ದೆ ಅತ್ತೆಮ್ಮ ನಾನು?"

"ನನ್ ತಲೆ ನಾನ್ ತಿಕ್ಕಂಡ್ರೆ ನಿಂಗೇನ್ ದ್ರೋಹವೇ?"

"ಆ ಹಿಂದಿನ ಗಂಡಿನ ಕಡೆಯವ್ರು ಎದ್ದೋದಾಗ ಈ ಬೀದಿಯೋರೆಲ್ಲ ನನ್ನ ಕೇಳಿದ್ರು. ನಿಮ್ಮನ್ನ ಕೇಳ್ಲಿಲ್ಲ, ನಿಮ್ಮ ಮಗನ್ನ ಕೇಳ್ಲಿಲ್ಲ. ಏನ್ ಐಬು ನಿನ್ ಮಗಳಿಗೆ ಅಂತ ನನ್ನೇ ಕೇಳಿದ್ದು."

ಮಂಗಳಗೌರಮ್ಮ ಕೋಲು ಕೆಳಗಿಟ್ಟು, ಸರಿದು ಚಾಪೆಯಲ್ಲಿ ಅವಳಿಗೂ ಜಾಗ ಮಾಡಿದರು. ಆಮೇಲೆ ಪವಿತ್ರ ಸಿಪ್ಪೆಗಳನ್ನು ಮೊರಕ್ಕೆ ಬಳಿದುಕೊಂಡು ಕೆಳಗಿಳಿದಳು.

ರಾತ್ರಿ ಊಟಕ್ಕೆ ಕೂತಾಗ ತೀರ್ಪು ಬಂತು. ಶಿವರಾಜು ಕೂಗಾಡಲಿಲ್ಲ. ಗಿರಾಕಿಗೆ ಲೆಕ್ಕ ಹೇಳುವವನ ಹಾಗೆ ಸಮಾಧಾನವಾಗಿಯೇ ಹೇಳಿದ. ಈ ತಲೆಯನ್ನು ನರಸೀಪುರಕ್ಕೆ ಕರೆದುಕೊಂಡು ಹೋದರೆ ಶಾಸ್ತ್ರ ಅಲ್ಲೇ ನಿಂತಿತು. ಸೆರಗು ಹೊದ್ದು ಕೂರ್ತೀನಿ ಎಂದರು ಮಂಗಳಗೌರಮ್ಮ. ಫೋಟೊ ತೆಗೆಯುತ್ತಾರೆ, ವಿಡಿಯೊ ಇದೆ, ಗಾಳಿ ಬೀಸುತ್ತದೆ ಎಂದ. ಪಾರ್ಲರ್ ಹುಡುಗಿ ಗುರುವಾರ ಬರುತ್ತಾಳೆ, ಮಾತ್ರೆ ತಂದಿಟ್ಟಿದ್ದೇನೆ ಎಂದ. ಬಳಿಸಿಕೊಳ್ಳುವುದಿಲ್ಲ ಎಂದರು ಅವರು.

"ಹಂಗಾದ್ರೆ ನೀನು ಮನೇಲಿರವ್ವ. ಮನೆ ಕಾಯಕ್ಕೂ ಒಬ್ರು ಬೇಕಲ್ಲ."

ನಯನ ತಟ್ಟೆಯಿಂದ ತಲೆಯೆತ್ತಿದಳು. ಪವಿತ್ರ ಗಂಡನ ಕಡೆ ನೋಡಿದಳು. ಇಷ್ಟು ದೂರ ಹೋಗುತ್ತಾನೆಂದು ಅವಳೂ ಎಣಿಸಿರಲಿಲ್ಲ. ಮಂಗಳಗೌರಮ್ಮ ಮಜ್ಜಿಗೆ ಅನ್ನವನ್ನು ಒಂದು ಅಗುಳು ಬಿಡದೆ ಉಂಡರು, ತಟ್ಟೆ ತೊಳೆದಿಟ್ಟರು, ಹೋಗಿ ಮಲಗಿದರು. ಮೊಮ್ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವರು, ಅವಳಿಗೆ ಹೂ ಮುಡಿಸುವ ದಿನ ಬೀಗದ ಕೈ ಹಿಡಿದುಕೊಂಡು ಜಗಲಿಯಲ್ಲಿ ಕೂರಬೇಕು. ತಲೆಯ ಬಣ್ಣ ಸರಿಯಿಲ್ಲ ಎಂದು.

ಬೆಳಗಾದರೆ ಸೋಮವಾರ. ಕಾಫಿ ಕುಡಿದು, ಹೊಸ ಟವೆಲ್ಲೊಂದು ಚೀಲಕ್ಕೆ ಹಾಕಿಕೊಂಡು, ದೇವಸ್ಥಾನಕ್ಕೆ ಹೋಗಿಬತ್ತೀನಿ ಎಂದು ಹೇಳಿ ಆಟೊ ಹತ್ತಿದರು. ಸೋಮವಾರ ನಂಜುಂಡೇಶ್ವರನ ಗುಡಿಗೆ ಹೋಗುವವರನ್ನು ಆ ಊರಿನಲ್ಲಿ ಯಾರೂ ಏಕೆ ಎಂದು ಕೇಳುವುದಿಲ್ಲ.

ಕಪಿಲಾ ನದಿಯ ದಂಡೆಯಲ್ಲಿ ಮುಡಿ ಕೊಡುವವರ ಸಾಲು ಆಗಲೇ ಬೆಳೆದಿತ್ತು. ಕೂಸುಗಳು, ಕೂಸುಗಳ ಅಪ್ಪಂದಿರು, ನಡುವೆ ನಾಲ್ಕಾರು ಹೆಂಗಸರು. ಮಂಗಳಗೌರಮ್ಮನ ಸರದಿ ಬಂದಾಗ ಮುಡಿ ತೆಗೆಯುವವನು ನೀರು ತಟ್ಟಿ, ಕೂದಲು ಬಿಡಿಸಿ, ಕತ್ತಿ ಎತ್ತಿದವನು ಹಾಗೇ ನಿಂತ.

"ಇದೇನವ್ವ, ಮೂರು ಬಣ್ಣ ಅದೆ?"

"ಬೆಳ್ಳುಂದು ನಂದು. ಕೆಂಪುಂದು ಮೊಮ್ಮಗಳ್ದು. ಕರೀದು ನನ್ ಮಗಂದು."

"ಮತ್ತೆ, ಯಾರ್ದು ತೆಗೀಲಿ?"

"ಎಲ್ಲಾರ್ದೂ ತಗದ್ಬುಡು."

ಅವನು ನಕ್ಕ. ಕತ್ತಿ ಹಣೆಯಿಂದ ಹಿಂದಕ್ಕೆ ಹೋಯಿತು. ನದಿಯ ಗಾಳಿ ಬರೀ ನೆತ್ತಿಗೆ ತಾಗಿದಾಗ ಮಂಗಳಗೌರಮ್ಮನಿಗೆ ಮೈ ಜುಮ್ಮೆಂದಿತು. ಮುಳುಗಿ ಎದ್ದು, ತಲೆ ತುಂಬ ಗಂಧ ಬಳಿಸಿಕೊಂಡು, ಸ್ವಾಮಿಗೆ ಕೈ ಮುಗಿದರು. ಹರಕೆ ಏನು ಎಂದು ಆತನಿಗೆ ಹೇಳಬೇಕೆನ್ನಿಸಲಿಲ್ಲ. ಅವನ ಜಟೆಗೂ ಯಾರನ್ನು ಕೇಳಿ ಗಂಗೆ ಬಂದು ಕೂತಳೋ, ಅವನಿಗೆ ಗೊತ್ತಿರುತ್ತದೆ ಎಂದುಕೊಂಡರು.

ಗಂಧದ ತಲೆಯಲ್ಲಿ ಆಟೊ ಇಳಿದ ಅತ್ತೆಯನ್ನು ನೋಡಿ ಪವಿತ್ರಳ ಕೈಯ ಪೊರಕೆ ಬಿತ್ತು. ನಿಂಗರಾಜು ಓಡಿ ಅಂಗಡಿಗೆ ಸುದ್ದಿ ಮುಟ್ಟಿಸಿದ. ಶಿವರಾಜು ಸ್ಕೂಟರಿನಲ್ಲಿ ಬಂದು ಸ್ಟ್ಯಾಂಡ್ ಹಾಕುವುದನ್ನೂ ಮರೆತು ಒಳಗೆ ನುಗ್ಗಿದ.

"ಏನವ್ವ ಇದು? ಶಾಸ್ತ್ರ ಇಟ್ಕಂಡು ಬೋಳ್ ತಲೆ? ಒಂದು ಮಾತು ಕೇಳ್ಬೇಡ್ವಾ ನನ್ನ?"

"ಸ್ವಾಮಿಗೆ ಕೊಟ್ಟೆ ಕಣಪ್ಪ. ನೀನು ಕೇಳಂಗಿದ್ರೆ ಅಲ್ಲೋಗಿ ಕೇಳು. ಗುಡಿ ಬಾಗ್ಲು ಸಂಜೆವರ್ಗೂ ತಗ್ದಿರ್ತದೆ."

ಮುಡಿ ಕೊಟ್ಟದ್ದು ತಪ್ಪು ಎಂದು ನಂಜನಗೂಡಿನಲ್ಲಿ ಹುಟ್ಟಿ ಬೆಳೆದು, ಅಂಗಡಿ ಬೋರ್ಡಿಗೂ ಆ ದೇವರ ಹೆಸರೇ ಇಟ್ಟುಕೊಂಡವನು ಹೇಗೆ ಹೇಳುವುದು? ಅಷ್ಟರಲ್ಲಿ ಪಕ್ಕದ ಮನೆಯವರು ಬಂದು ಅಜ್ಜಿಯ ಕಾಲು ಮುಟ್ಟಿದರು. ಮೊಮ್ಮಗಳ ಮದುವೆ ಹರಕೆಯಾ, ಎಂಥಾ ಅಜ್ಜಿ ಎಂದರು. ಆ ಕೂಸು ಬೋಳು ತಲೆಯ ಮೇಲೆ ಅಂಗೈಯಿಟ್ಟು ಬಡಿಯಿತು. ಇಂಥವರನ್ನು ಮನೆ ಕಾಯಲು ಬಿಟ್ಟು ಹೋದರೆ ಇಡೀ ಬೀದಿ ಕೇಳುತ್ತದೆ ಎನ್ನುವುದು ಶಿವರಾಜುವಿಗೆ ಅರ್ಥವಾಯಿತು. ಹೊರಗೆ ಹೋಗಿ ಬಿದ್ದಿದ್ದ ಸ್ಕೂಟರ್ ಎತ್ತಿ ನಿಲ್ಲಿಸಿದ.

ಗುರುವಾರ ಪಾರ್ಲರ್ ಹುಡುಗಿ ಬಂದಾಗ ಒಂದೇ ತಲೆ ಉಳಿದಿತ್ತು. ನಯನ ಸುಮ್ಮನೆ ಹೋಗಿ ಕೂತಳು. ಬಚ್ಚಲಿಂದ ಬಂದ ವಾಸನೆಗೆ ಮಂಗಳಗೌರಮ್ಮ ಎದ್ದು ಜಗಲಿಗೆ ಹೋದರು. ಬೇಡ ಎನ್ನಲು ಬಾಯಿ ತುದಿಗೆ ಬಂದಿತ್ತು. ಆದರೆ ಬೇಡ ಎನ್ನುವುದೂ ಇನ್ನೊಬ್ಬರ ತಲೆಗೆ ಕೈ ಹಾಕಿದ ಹಾಗೇ ಅಲ್ಲವೇ ಎಂದು ನುಂಗಿಕೊಂಡರು.

ಶಾಸ್ತ್ರದ ದಿನದ ಹೊತ್ತಿಗೆ ಬೋಳು ತಲೆಯ ಮೇಲೆ ಅಕ್ಕಿತರಿ ಚೆಲ್ಲಿದ ಹಾಗೆ ಬೆಳ್ಳಗೆ ಚಿಗುರಿತ್ತು. ನರಸೀಪುರದ ಛತ್ರದಲ್ಲಿ ಮಂಗಳಗೌರಮ್ಮ ಸೆರಗು ಹೊದೆಯದೆ ಮೊದಲ ಸಾಲಿನಲ್ಲಿ ಕೂತರು. ಶಿವರಾಜು ಬೀಗರಿಗೆಲ್ಲ, ಹರಕೆ, ಹರಕೆ ಎಂದು ಕೇಳುವ ಮೊದಲೇ ಹೇಳುತ್ತ ಓಡಾಡುತ್ತಿದ್ದ. ತನ್ನ ಐಡಿಯಾವೇ ಎನ್ನುವ ಹಾಗಿತ್ತು ಅವನ ಓಡಾಟ. ಗಂಗಾಧರಸ್ವಾಮಿ ಕೈ ಮುಗಿದರು. ಹುಡುಗ ನಂಜುಂಡೇಶ್ ಬಂದು ಕಾಲಿಗೆ ಬಿದ್ದ. ಅವನ ಹಿಂದೆ ದೇವಮ್ಮಣ್ಣಿ ಬಂದರು. ರೇಷ್ಮೆ ಸೀರೆ, ಕಪ್ಪು ಮಿರಿಮಿರಿ ತುರುಬು, ತುರುಬಿನ ಸುತ್ತ ಹೂವಿನ ದಂಡೆ.

"ನಮ್ಮನೆ ಸೊಸೆಗೋಸ್ಕರ ಮುಡಿ ಕೊಟ್ರಂತೆ. ಆಶೀರ್ವಾದ ಮಾಡಿಯವ್ವ" ಎಂದು ಬಾಗಿ, ತಲೆಯನ್ನು ಮಂಗಳಗೌರಮ್ಮನ ಮಂಡಿಗೆ ತಾಗಿಸಿದರು.

ಆಶೀರ್ವಾದಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು. ಮೂಗಿನ ಕೆಳಗೇ ದೇವಮ್ಮಣ್ಣಿಯ ನೆತ್ತಿ. ಬೈತಲೆಯ ಎರಡು ಪಕ್ಕವೂ ಅಕ್ಕಿಕಾಳಗಲದ ಬಿಳಿ. ಶಾಸ್ತ್ರದ ಗಡಿಬಿಡಿಯಲ್ಲಿ ಬಳಿಯಲು ಪುರುಸೊತ್ತಾಗಿರಲಿಲ್ಲವೋ ಏನೋ. ಬಿಳಿಯ ಬುಡದಲ್ಲಿ ಚರ್ಮ ಕೆಂಪಗೆ ಸುಲಿದು, ಅಲ್ಲಲ್ಲಿ ಹೊಪ್ಪಳೆ ಕಟ್ಟಿತ್ತು. ಆ ಹೊಪ್ಪಳೆ ಎಂಥದ್ದು ಎಂದು ಮಂಗಳಗೌರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಾರಗಟ್ಟಲೆ ಎದೆಯಲ್ಲಿ ಕುದಿಸಿ ಇಟ್ಟುಕೊಂಡಿದ್ದ ಬೈಗುಳವೆಲ್ಲ ಇದೇ ಹೆಂಗಸಿಗೆ ಮೀಸಲಾಗಿತ್ತು. ಈಗ ಜೋರಾಗಿ ಒಂದು ಮಾತು ಅಂದರೆ ಸಾಕು, ಛತ್ರಕ್ಕೆ ಛತ್ರವೇ ತಿರುಗಿ ನೋಡುತ್ತದೆ. ಅವರು ಬಾಗಿ ಆ ಕಿವಿಯ ಹತ್ತಿರ ಕೇಳಿದರು:

"ನಿಂಗೂ ಉರೀತದೇನವ್ವ?"

ದೇವಮ್ಮಣ್ಣಿಯ ತಲೆ ಮಂಡಿಯ ಮೇಲೆ ಗಟ್ಟಿಯಾಯಿತು. ಏಳಲಿಲ್ಲ. ನೋಡುವವರಿಗೆ ಭಕ್ತಿ ಕಂಡಿರಬೇಕು.

"ಹಚ್ಚಿದ್ರೆ ಮೂರ್ ದಿನ ನಿದ್ದೆ ಬರಲ್ಲ ಕಣವ್ವ" ಎಂದಿತು ಕೆಳಗಿನಿಂದ ಸಣ್ಣ ದನಿ. "ನಮ್ಮತ್ತೆ ಇದ್ದಾಗಿಂದ ಹಚ್ತೀನಿ. ನಿಮ್ ದಮ್ಮಯ್ಯ, ಇಲ್ಲಿ ಯಾರ್ಗೂ ಹೇಳ್ಬೇಡಿ."

ದೇವಮ್ಮಣ್ಣಿ ಎದ್ದಾಗ ಕಣ್ಣಂಚು ಒದ್ದೆಯಾಗಿತ್ತು. ಸೆರಗಿನಲ್ಲಿ ಒತ್ತಿಕೊಂಡು, ತಟ್ಟೆಯಿಂದ ಮಲ್ಲಿಗೆ ಎತ್ತಿ, ನಯನಳಿಗೆ ಮುಡಿಸಿದರು. ಈ ಸಲ ತಲೆ ಬಿಡಿಸಿ ನೋಡಲಿಲ್ಲ. ಪುರೋಹಿತರು ಮಂತ್ರ ಹೇಳಿದರು, ಹೋಳಿಗೆ ಊಟವಾಯಿತು, ಎಲ್ಲರ ತಲೆಗಳೂ ಫೋಟೊದಲ್ಲಿ ಚೆನ್ನಾಗಿ ಬಂದವು.

ವಾಪಸು ಬರುವಾಗ ಕಾರಿನಲ್ಲಿ ಮುಂದೆ ಶಿವರಾಜು, ಪವಿತ್ರ. ಹಿಂದೆ ಅಜ್ಜಿ, ಮೊಮ್ಮಗಳು. ಮಂಗಳಗೌರಮ್ಮನಿಗೆ ಹೊಟ್ಟೆಯೊಳಗೆ ಹೋಳಿಗೆಯ ಜೊತೆ ಸಿಟ್ಟೂ ಕೂತಿತ್ತು. ದೇವಮ್ಮಣ್ಣಿಯ ಮೇಲಲ್ಲ. ತನ್ನ ತಲೆ ಸುಟ್ಟುಕೊಂಡು, ಇನ್ನೊಬ್ಬರ ಮನೆಗೆ ಹೋಗಿ ಬೆಂಕಿ ಹುಡುಕುವಂತೆ ಆ ಹೆಂಗಸನ್ನು ಮಾಡಿದ್ದರ ಮೇಲೆ. ಅದನ್ನು ಯಾರಿಗೆ ಬೈಯಬೇಕೋ ತಿಳಿಯದೆ ಕಿಟಕಿಯ ಗಾಜಿಳಿಸಿದರು. ಹದಿನಾರು ಎಂಬ ಊರಿನ ಗದ್ದೆಗಳ ಗಾಳಿ ನೆತ್ತಿಗೆ ಬಡಿಯಿತು. ದೇವಮ್ಮಣ್ಣಿಯ ನೆತ್ತಿಯ ಸಂಗತಿಯನ್ನು ಹಿಂದಿನ ಸೀಟಿನಲ್ಲಿ ಅವರು ಪಿಸುಗುಟ್ಟಿದ್ದನ್ನೆಲ್ಲ ಕೇಳಿಸಿಕೊಂಡ ನಯನ, ಬೆರಳು ಬಲಗಿವಿಯ ಮೇಲಿಟ್ಟುಕೊಂಡಳು.

ಶಿವರಾಜು ಖುಷಿಯಲ್ಲಿದ್ದ. ಕನ್ನಡಿಯಲ್ಲಿ ತಾಯಿಯನ್ನು ನೋಡಿದ.

"ಮದ್ವೆ ಹೊತ್ಗೆ ಒಂದಿಂಚು ಬೆಳ್ದಿರ್ತದೆ ಅಲ್ವೇನವ್ವ? ಅಷ್ಟುದ್ದಕ್ಕಾದ್ರೆ ಒಂದೇ ಒಂದು ಸಣ್ಣ ಕೋಟು—"

"ನೀವು ರಸ್ತೆ ನೋಡ್ಕಂಡು ಓಡಿಸಿ" ಎಂದಳು ಪವಿತ್ರ.

ನಯನ ಜಡೆಯಿಂದ ಮಲ್ಲಿಗೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಅಜ್ಜಿ, ತಾರಸಿ ಮೇಲೆ ಇನ್ನೂ ಸಂಡಿಗೆ ಇಡೋದು ಅದಾ?"

"ಯಾಕೆ ಕೂಸೆ?"

"ನಾಳೆಯಿಂದ ನಾನು ಕಾಯ್ತೀನಿ. ಮದ್ವೆಗೆ ಇನ್ನೂ ಟೈಮದೆ. ಅಷ್ಟರಲ್ಲಿ ನರಸೀಪುರದವರು ನನ್ನ ಬಿಳಿ ಎಳೆ ಒಂದ್ಸಲ ನೋಡ್ಲಿ. ನೋಡಿ ಬೇಡ ಅನ್ನೋದಾದ್ರೆ ಅನ್ಲಿ."

ಶಿವರಾಜು ಬ್ರೇಕು ಒತ್ತಿದ. ಮುಂದೆ ರಸ್ತೆಯಲ್ಲಿ ಏನೂ ಇರಲಿಲ್ಲ. ಪವಿತ್ರ ಹಿಂದಕ್ಕೆ ತಿರುಗಿ ಮಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿ, "ಮನೇಲಿ ಒಂದೂ ನಿಂಬೆಹಣ್ಣಿಲ್ಲ" ಎಂದಳು. ಅದು ಬೇಡ ಎಂದದ್ದೋ, ಸಂತೆಯ ಹತ್ತಿರ ಕಾರು ನಿಲ್ಲಿಸಿ ಎಂದದ್ದೋ, ಶಿವರಾಜುವಿಗೆ ತಿಳಿಯಲಿಲ್ಲ.

ಮಂಗಳಗೌರಮ್ಮ ಮೊಮ್ಮಗಳ ಮಡಿಲಿನ ಮಲ್ಲಿಗೆ ಎತ್ತಿ ಮೂಸಿದರು.

"ಸೀಗೆಕಾಯಿ ಸ್ಟೀಲ್ ಪಾತ್ರೇಲಿ ಬೇಯಿಸ್ಕೊ ಮಗ" ಎಂದರು. "ನಮ್ಮತ್ತೆ ಬಾಣ್ಲೆ ಮುಟ್ಬ್ಯಾಡ."